ನಾಲ್ಕನೇ ಸ್ಕ್ರೂ

ಚಳಿ ಪೂರ್ತಿ ಹೋಗಿರಲಿಲ್ಲ, ಸೆಖೆ ಪೂರ್ತಿ ಬಂದಿರಲಿಲ್ಲ, ಅಂಥ ಕಾಲ. ಮಂಗಳವಾರ, ಬೆಳಗಿನ ಕಾಫಿ ಲೋಟ ತೊಳೆದು ಬೋರಲು ಹಾಕಿದ ಹೊತ್ತು. ಕಾರು ನಿಲ್ಲಿಸುವ ಶೆಡ್ಡಿನಿಂದ ನನ್ನ ತಮ್ಮನ ಮಗಳು ಕೂಗಿದಳು: "ಅತ್ತೇ, ಹಿಂದಿನ ಕೆಂಪು ದೀಪ ಉರೀತಾ ಇಲ್ಲ!"

ಬಲ್ಬು ಹೋಗಿತ್ತು, ಅಷ್ಟೇ. ಹೊಸ ಬಲ್ಬು ಅವಳ ಕೈಯಲ್ಲೇ ಇತ್ತು. ಆದರೆ ಅದನ್ನು ಹಾಕಬೇಕಾದರೆ ದೀಪದ ಕೆಂಪು ಮುಚ್ಚಳ ತೆಗೆಯಬೇಕು, ಮುಚ್ಚಳಕ್ಕೆ ನಾಲ್ಕು ಸ್ಕ್ರೂ.

ಹುಡುಗಿಗೆ ಅವಸರವಿತ್ತು. ಅರ್ಧ ದಿನದ ದಾರಿಯಾಚೆ ನರ್ಸ್ ಕೆಲಸ ಸಿಕ್ಕಿತ್ತು. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡುವ ಕೆಲಸ. ಸ್ವಂತ ಗಾಡಿ ಇದ್ದವರಿಗೇ ಕೊಡುತ್ತಾರೆ. ಗುರುವಾರ ಮಧ್ಯಾಹ್ನ ಗಾಡಿ ತಪಾಸಣೆ. ಅದರಲ್ಲಿ ಪಾಸಾಗದಿದ್ದರೆ ಕೆಲಸ ಸಾಲಿನಲ್ಲಿ ಹಿಂದೆ ನಿಂತವಳಿಗೆ. ಗಾಡಿಯೋ, ನಮ್ಮಪ್ಪನ ಕಾಲದ್ದು, ಹುಡುಗಿಗಿಂತ ಹಿರಿಯದು. ಗ್ಯಾರೇಜಿನವನು "ಸೋಮವಾರ ತನ್ನಿ" ಅಂದುಬಿಟ್ಟಿದ್ದ.

ಮೂರು ಸ್ಕ್ರೂ ಗೊಣಗಿಕೊಂಡು ಬಂದವು. ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಅದರ ತಲೆಯ ಮೇಲಿನ ಗೀರು ಪೂರ್ತಿ ಸವೆದು ಹೋಗಿತ್ತು. ನಾನು ಟಾರ್ಚ್ ಹಾಕಿ ನೋಡಿದರೆ ನುಣ್ಣಗೆ, ಚಮಚದ ಗುಳಿಯ ಹಾಗೆ. ಸ್ಕ್ರೂಡ್ರೈವರ್ ಇಟ್ಟರೆ ಜಾರಿ ಬೀಳುತ್ತಿತ್ತು.

ಅದು ಸವೆದದ್ದಕ್ಕೆ ಕಾರಣವಿದೆ. ಬಹಳ ಹಿಂದೆ ಒಂದು ಸಲ ದಾರಿಯಲ್ಲಿ ಆ ಮುಚ್ಚಳ ಕಳಚಿ ಬಿದ್ದು, ನಮ್ಮಪ್ಪ ಎರಡು ಮೈಲಿ ಹಿಂದಕ್ಕೆ ನಡೆದು ಹುಡುಕಿ ತಂದರು. ಅವತ್ತಿನಿಂದ ಮನೆಯಲ್ಲಿ ಒಂದು ನೇಮವಾಯಿತು: ಗಾಡಿ ಹೊರಡುವ ಮೊದಲು ಯಾರಾದರೊಬ್ಬರು ಹೋಗಿ ಆ ಸ್ಕ್ರೂವಿಗೆ ಒಂದು ಸುತ್ತು ಕೊಡಬೇಕು. ಸುಮ್ಮನೆ ಮುಟ್ಟಿ ನೋಡಿದರೆ ಸಾಲದು, ಬಿಗಿಯಲೇಬೇಕು. ಒಬ್ಬರು ಬಿಗಿದದ್ದು ಇನ್ನೊಬ್ಬರಿಗೆ ನಂಬಿಕೆಯಿಲ್ಲ, ಅವರೂ ಒಂದು ಸುತ್ತು. ಅಪ್ಪ ಹೋದ ಮೇಲೆ ಆ ಕೆಲಸ ತಮ್ಮನ ಪಾಲಿಗೆ ಬಂತು. ಅವನದು ಬೇಕರಿ. ಹಿಟ್ಟು ನಾದಿ ನಾದಿ ಅವನ ಕೈ ಒನಕೆಯಾಗಿದೆ.

"ಸರೀರಿ ಎಲ್ಲರೂ," ಅಂತ ಅವನೇ ಮೊದಲು ಕುಕ್ಕರುಗಾಲಲ್ಲಿ ಕೂತ. ಒತ್ತಿ ತಿರುಗಿಸಿದ. ಕಿರ್ರ್ ಅಂತ ಜಾರಿ ಬೆರಳಿನ ಗೆಣ್ಣಿನ ಚರ್ಮ ಹೋಯಿತು.

"ಈ ಸ್ಕ್ರೂಡ್ರೈವರ್ರೇ ಸರಿಯಿಲ್ಲ," ಅಂದ.

"ಹೌದು ಭಾವ, ಕುಣಿಯೋಕೆ ಬಾರದವಳಿಗೆ ನೆಲ ಡೊಂಕು," ಅಂದದ್ದು ಅವನ ಹೆಂಡತಿಯ ತಮ್ಮ. ಗೋಡೆಗೆ ಬಣ್ಣ ಹೊಡೆಯುವವನು, ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಅವನು ಬಣ್ಣದ ಮಾವ.

"ಮುಚ್ಚೋ ಬಾಯಿ! ಉಳಿದ ಪೇಂಟು ಹಾಳಾಗಬಾರದು ಅಂತ ಗಾಡಿಗೆ ಮನೆಬಾಗಿಲಿನ ಬಣ್ಣ ಬಳಿದವನು ಯಾರು? ಸ್ಕ್ರೂ ತಲೆಗೂ ಬಳಿದಿದ್ದೀಯ!"

"ಚೆಂದ ಕಾಣ್ಲಿ ಅಂತ ಬಳಿದೆ. ನೀವು ಬಿಚ್ಚುತ್ತೀರಿ ಅಂತ ನನಗೇನು ಕನಸು ಬಿದ್ದಿತ್ತಾ?"

ಮಾವ ಟರ್ಪೆಂಟೈನ್ ಹಚ್ಚಿ, ಚೂಪು ಚಾಕುವಿನಲ್ಲಿ ಬಣ್ಣ ಕೆರೆದ. ಹಸಿರು ಬಂತು, ಅದರಡಿ ನೀಲಿ ಬಂತು, ಅದರಡಿ ತುಕ್ಕು. ಗೀರು ಮಾತ್ರ ಬರಲಿಲ್ಲ. ಆಮೇಲೆ ಬೇಕರಿಯಿಂದ ಬ್ರೆಡ್ಡಿನ ಚೀಲಕ್ಕೆ ಕಟ್ಟುವ ರಬ್ಬರ್ ಬ್ಯಾಂಡ್ ತರಿಸಿ, ಸ್ಕ್ರೂವಿಗೂ ಸ್ಕ್ರೂಡ್ರೈವರಿಗೂ ನಡುವೆ ಇಟ್ಟು ಒತ್ತಿದರು. ಹಿಡಿತ ಸಿಗುತ್ತದಂತೆ. ಮೊದಲನೆಯದು ಹರಿದು ಮಾವನ ಮೂಗಿಗೆ ಹೊಡೆಯಿತು. ಎರಡನೆಯದು ಎಲ್ಲಿಗೆ ಹಾರಿತೋ, ಇವತ್ತಿಗೂ ಸಿಕ್ಕಿಲ್ಲ.

"ನಾನು ನೋಡ್ತೀನಿ ಬಿಡಪ್ಪ," ಅಂದಳು ಹುಡುಗಿ.

"ನಿನ್ನ ಕೈ ಸೂಜಿ ಚುಚ್ಚೋ ಕೈ. ಇದಕ್ಕೆ ಬಲ ಬೇಕು."

"ಇಷ್ಟು ಹೊತ್ತು ಬಲ ಹಾಕಿ ಏನು ಕಿಸಿದ್ರಿ?"

ಅವಳ ಅಮ್ಮ ಬೇಕರಿ ನೋಡಿಕೊಳ್ಳುತ್ತಿದ್ದಳು. ಇಲ್ಲದಿದ್ದರೆ ಗಂಡಸರಿಬ್ಬರನ್ನೂ ಅಲ್ಲಿಂದ ಎಬ್ಬಿಸಿರುತ್ತಿದ್ದಳು. ನನ್ನ ಕೆಲಸ ಟಾರ್ಚ್ ಹಿಡಿಯುವುದು, ಹಿಡಿದೆ.

ಬುಧವಾರವೂ ಅದೇ ಕತೆ. ಎಣ್ಣೆ ಬಿಟ್ಟರು, ಕಾದರು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಜೋರಾಗಿ ಹೊಡೆಯುವಂತಿಲ್ಲ, ಮುಚ್ಚಳ ಒಡೆದರೆ ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಹಾವೂ ಸಾಯಬೇಕು, ಕೋಲೂ ಉಳಿಯಬೇಕು. ಸಂಜೆಯ ಮುಂದೆ ತಮ್ಮ ಹಲ್ಲು ಕಚ್ಚಿ ಒತ್ತಿದಾಗ, ಈ ಸಲ ಜಾರಲಿಲ್ಲ. ಕಟ್ ಅಂತ ಕೂದಲೆಳೆಯಷ್ಟು ತಿರುಗಿತು.

"ಬಂತು! ಬಂತು!" ಮಾವ ಕುಣಿದುಬಿಟ್ಟ.

ಹುಡುಗಿ ಬಗ್ಗಿ ನೋಡಿದಳು. ಅವಳ ಮುಖ ಕಪ್ಪಿಟ್ಟಿತು.

"ಅಪ್ಪ, ಯಾವ ಕಡೆಗೆ ತಿರುಗಿಸ್ತಾ ಇದ್ದೀಯ?"

ತಮ್ಮ ತನ್ನ ಕೈಯನ್ನೇ ನೋಡಿಕೊಂಡ. ಕೈ ಬಲಕ್ಕೆ ತಿರುಗಿ ನಿಂತಿತ್ತು. ಎರಡು ದಿನದಿಂದ ಆ ಮಹಾರಾಯ ಸ್ಕ್ರೂ ಬಿಗಿಯುತ್ತಿದ್ದ.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ, ನನಗೂ ನಗು ತಡೆಯಲಾಗದೆ ಟಾರ್ಚ್ ಅಲ್ಲಾಡಿತು. ಹುಡುಗಿ ಮಾತ್ರ ನಗಲಿಲ್ಲ.

"ಬೇಕಂತಲೇ ಮಾಡಿದೆಯಾ? ನಾನು ಹೋಗಬಾರದು ಅಂತಾನಾ?"

"ಅಯ್ಯೋ, ಅಲ್ಲ ಕಣೇ. ಈ ಸ್ಕ್ರೂ ಮುಟ್ಟಿದರೆ ಕೈ ತಾನಾಗಿ ಆ ಕಡೆಗೇ ಹೋಗುತ್ತೆ. ಆಣೆ ಮಾಡಿ ಹೇಳ್ತೀನಿ." ನೆಲ ನೋಡುತ್ತಾ ಅಂದ: "ನೀನು ಹೋಗೋದು ನನಗೆ ಇಷ್ಟವಿಲ್ಲ, ಅದು ನಿಜ. ಆದರೆ ಅದನ್ನ ಬಾಯಲ್ಲಿ ಹೇಳ್ತೀನೇ ಹೊರತು ಸ್ಕ್ರೂನಲ್ಲಿ ಹೇಳಲ್ಲ."

"ಹಾಗಾದರೆ ಎರಡು ದಿನದಿಂದ ಬಾಯಲ್ಲಿ ಯಾಕೆ ಹೇಳಲಿಲ್ಲ?"

ತಮ್ಮ ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟ. ಎದ್ದು ಜಾಗ ಬಿಟ್ಟ.

ಗುರುವಾರ ಬೆಳಗ್ಗೆ ಹುಡುಗಿಯೇ ಕೂತಳು. ಎಷ್ಟು ಬಿಗಿದಿದ್ದರೂ ಸ್ಕ್ರೂವಿನ ತಲೆ ಮುಚ್ಚಳದ ಮೇಲೆ ಸ್ವಲ್ಪ ಉಬ್ಬಿಕೊಂಡೇ ಇತ್ತು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು, ತಲೆಯ ಮೇಲೆ ಅಡ್ಡಕ್ಕೆ ಹೊಸ ಗೀರು ಕೊಯ್ಯತೊಡಗಿದಳು. ಅವಸರವಿಲ್ಲ, ಹೊಲಿಗೆ ಬಿಚ್ಚುವ ಹಾಗೆ. ಮಾವ ಮುಚ್ಚಳ ಅಲುಗದಂತೆ ಹಿಡಿದ. ಗೀರು ಆಳವಾದ ಮೇಲೆ ಅಗಲ ಬಾಯಿಯ ಸ್ಕ್ರೂಡ್ರೈವರ್ ಕೂರಿಸಿದಳು. ಒತ್ತುವುದಕ್ಕೆ ಅವಳ ತೂಕ ಸಾಲದು.

"ಅಪ್ಪ, ಬಾ. ನೀನು ಒತ್ತು, ಅಷ್ಟೇ. ತಿರುಗಿಸೋದು ನಾನು."

ತಮ್ಮ ಹಿಡಿಯ ಹಿಂದೆ ಎರಡೂ ಅಂಗೈ ಇಟ್ಟು ಮೈಭಾರವೆಲ್ಲ ಹಾಕಿ ಒತ್ತಿದ. ಅವಳು ಎಡಕ್ಕೆ ತಿರುಗಿಸಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಮುದಿ ಬಾಗಿಲು ತೆರೆದ ಹಾಗೆ ಒಂದು ಸದ್ದು. ಕೆಂಪು ತುಕ್ಕು ಉದುರಿತು, ಸ್ಕ್ರೂ ಬಂತು.

ತಮ್ಮ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡ.

"ಟರ್ಪೆಂಟೈನ್ ಘಾಟು," ಅಂದ.

"ಅದು ಮೊನ್ನೇನೇ ಆರಿಹೋಯ್ತು ಭಾವ," ಅಂದ ಮಾವ. ನಾನು ಅವನ ತಲೆಗೊಂದು ಮೊಟಕಿದೆ.

ಹುಡುಗಿ ಹೊಸ ಬಲ್ಬು ಹಾಕಿ ಮುಚ್ಚಳ ಕೂರಿಸಿದಳು, ದೀಪ ಉರಿಯಿತು. ಮಧ್ಯಾಹ್ನ ತಪಾಸಣೆಯವರು ಗಾಡಿಯ ಸುತ್ತ ಬಂದು, "ಇದು ಯಾವ ಕಂಪನಿಯ ಬಣ್ಣ ಮಾರಾಯ್ರೇ?" ಅಂತ ಒಂದೇ ಪ್ರಶ್ನೆ ಕೇಳಿ ಪಾಸು ಮಾಡಿದರು. ಮಾವ ಅದನ್ನು ಹೊಗಳಿಕೆ ಅಂತಲೇ ತಿಳಿದುಕೊಂಡ.

ಶುಕ್ರವಾರವೆಲ್ಲ ತಮ್ಮ ಮಗಳ ಹಿಂದೆ ಹಿಂದೆಯೇ ತಿರುಗಿದ. ಹೋಗಬೇಡ ಅಂತ ಮೂರು ಸಲ ಬಾಯಿಬಿಟ್ಟು ಹೇಳಿದ. ಅವಳು ಮೂರು ಸಲವೂ ಪೂರ್ತಿ ಕೇಳಿಸಿಕೊಂಡು, "ಹೋಗ್ತೀನಪ್ಪ" ಅಂದಳು. ನಾಲ್ಕನೇ ಸಲ ಅವನೇ ಅವಳ ಪೆಟ್ಟಿಗೆ ಎತ್ತಿ ಗಾಡಿಯಲ್ಲಿಟ್ಟ.

ಶನಿವಾರ ಬೆಳಗ್ಗೆ, ಬೇಕರಿಯ ಮೊದಲ ಬ್ರೆಡ್ಡು ಇನ್ನೂ ಬಿಸಿಯಿರುವಾಗ, ಹುಡುಗಿ ಹೊರಟಳು. ಒಬ್ಬಳೇ.