ಹನ್ನೊಂದನೇ ಟೇಕ್

ನಮ್ಮ ಆಲ್ಬಮ್ಮಿನ ಒಂಬತ್ತು ಹಾಡುಗಳಲ್ಲಿ ಎಂಟು ಹುಟ್ಟಿದ್ದು ಲಾಂಡ್ರಿ ಚೀಟಿಗಳ ಬೆನ್ನ ಮೇಲೆ. ಅಕ್ಕ ಒಂದು ದೊಡ್ಡ ಹೋಟೆಲಿನಲ್ಲಿ ಇಸ್ತ್ರಿ ಮಾಡುತ್ತಾಳೆ. ಹೊದಿಕೆ ಮಡಚುವಾಗ ಸಾಲು ಹೊಳೆದರೆ ಚೀಟಿಯ ಹಿಂದೆ ಗೀಚಿಕೊಂಡು ಬಂದು ಸಂಜೆ ನನ್ನ ಮುಂದೆ ಹಿಡಿಯುತ್ತಾಳೆ. ನಾನು ಅವಳ ತಮ್ಮ. ವಾರವೆಲ್ಲ ಲಿಫ್ಟ್ ರಿಪೇರಿ, ಭಾನುವಾರ ಚರ್ಚಿನ ಸಭೆಯಲ್ಲಿ ಡ್ರಮ್ಸ್. ಎಲ್ಲರೂ ನನ್ನನ್ನು ಬಾಯಿಬಡುಕ ಅನ್ನುತ್ತಾರೆ. ಬಾಯಿ ಬಿಡಲೇಬೇಕಾದ ದಿನ ಮಾತ್ರ ಈ ಬಾಯಿಬಡುಕ ಬಾಯಿ ಬಿಡಲಿಲ್ಲ.

ಅಕ್ಕನ ಹಾಡುಗಳು ಮೊದಲು ನಿಧಾನವಾಗಿದ್ದವು. ಅವಕ್ಕೆ ಕುಣಿತ ಕಲಿಸಿದ್ದು ಭಾವ. ಬಸ್ ಓಡಿಸುತ್ತಿದ್ದ ಅವರು ಸ್ಟೀರಿಂಗ್ ಮೇಲೆ ತಾಳ ಹಾಕದ ದಿನವಿರಲಿಲ್ಲ. "ದೇವ್ರು ಬೆಳಗಿಂದ ಜನರ ಗೋಳು ಕೇಳಿ ಕೇಳಿ ಸುಸ್ತಾಗಿರ್ತಾನೆ. ನೀನಾದ್ರೂ ಅವನಿಗೆ ಸ್ವಲ್ಪ ಖುಷಿ ಆಗೋ ಹಾಗೆ ಹಾಡೇ," ಅನ್ನುತ್ತಿದ್ದರು. ಗಿಟಾರ್ ಸೇರಿತು, ನನ್ನ ಡ್ರಮ್ಸ್ ಸೇರಿತು. ಮಂಡಿನೋವಿನ ಅಜ್ಜಿಯರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎಂಟು ಹಾಡಿನ ರೆಕಾರ್ಡಿಂಗ್ ಮುಗಿದಾಗ ಭಾವನ ಹೃದಯ ಕೈಕೊಟ್ಟಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಕ್ಕ ಒಂಬತ್ತನೆಯದನ್ನು ಬರೆದಳು:

ಎದ್ದನಲ್ಲಾ, ನನ್ನವನು ಎದ್ದನಲ್ಲಾ,
ಬಾಗಿಲ ತನಕ ತಾನೇ ನಡೆದು ಬಂದನಲ್ಲಾ!

ಭಾವ ಆಗ ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದರು. ಅಕ್ಕ ಬರೆದದ್ದು ಸುಳ್ಳಲ್ಲ, ನಮ್ಮ ಸಭೆಯ ರೂಢಿಯೇ ಹಾಗೆ. ಕೇಳಿಕೊಂಡದ್ದು ಸಿಗುವ ಮೊದಲೇ ಸಿಕ್ಕಿತೆಂದು ಸ್ತೋತ್ರ ಹೇಳಬೇಕು. ಹೇಳಿ ಮುಗಿಯುವ ತನಕ ಯಾರೂ ಅಪನಂಬಿಕೆಯ ಮಾತು ಆಡಬಾರದು. ಆಡಿದರೆ ಹೊಸ್ತಿಲ ತನಕ ಬಂದ ಗುಣವೂ ಅಲ್ಲಿಂದಲೇ ವಾಪಸು. ಇದನ್ನು ನಾನು ನಂಬಿದ್ದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮುರಿಯುವ ಧೈರ್ಯವಂತೂ ಇರಲಿಲ್ಲ.

ಸ್ಟುಡಿಯೋದಲ್ಲಿ ಮೊದಲು ಡ್ರಮ್ಸ್ ರೆಕಾರ್ಡ್ ಆಗುತ್ತದೆ. ಬಾರಿಸುವವನಿಗೆ ಅಂದಾಜು ಸಿಗಲೆಂದು ಹಾಡುವವರು ಪಕ್ಕದ ಕೋಣೆಯಿಂದ ಸುಮ್ಮನೆ ಹಾಡುತ್ತಾರೆ, ಅದೂ ಬೇರೆಯಾಗಿ ರೆಕಾರ್ಡ್ ಆಗಿರುತ್ತದೆ. ನಿಜವಾದ ಹಾಡಿಕೆ ಇನ್ನೊಂದು ದಿನ. ಆ ಮಧ್ಯಾಹ್ನ ನಾನು ಒಳಗೆ ಹೋಗುವ ಮುಂಚೆ ನರ್ಸ್ ಫೋನ್ ಮಾಡಿದಳು. "ಮನೆಯವ್ರನ್ನ ಈಗ್ಲೇ ಕರ್ಕೊಂಡು ಬನ್ನಿ. ಜಾಸ್ತಿ ಹೊತ್ತಿಲ್ಲ."

ಗಾಜಿನ ಆಚೆ ಅಕ್ಕ ಹೆಡ್‌ಫೋನ್ ಸರಿಪಡಿಸಿಕೊಳ್ಳುತ್ತ ನಗುತ್ತಿದ್ದಳು. ಮೂರು ವಾರದಲ್ಲಿ ಅದೇ ಮೊದಲ ನಗು. ಹಾಡು ಇರುವುದು ಮೂರೂವರೆ ನಿಮಿಷ, ಸ್ತೋತ್ರ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಮೂರೂವರೆ ನಿಮಿಷ ಹೋಗಿ ಎರಡು ಗಂಟೆಯಾಯಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಒಮ್ಮೆ ಕೋಲು ಜಾರಿತು, ಒಮ್ಮೆ ತಾಳ ಓಡಿತು. ಪ್ರತಿ ಸಲವೂ ಮುಂದಿನದು ಸರಿಹೋಗುತ್ತದೆ ಅಂದುಕೊಂಡೆ. "ಏನೋ, ಬೆಳಿಗ್ಗೆ ಏನೂ ತಿಂದಿಲ್ವಾ?" ಎಂದು ಅಕ್ಕ ಗೇಲಿ ಮಾಡಿದಳು. ಹನ್ನೊಂದನೇ ಟೇಕ್ ಸರಿಯಾಗಿ ಬಂತು. ಫೋನ್ ಈಗ ತಾನೇ ಬಂತು ಎಂದು ಸುಳ್ಳು ಹೇಳಿ ಅವಳನ್ನು ಕರೆದುಕೊಂಡು ಓಡಿದೆ. ಭಾವ ಹೋಗಿ ಇಪ್ಪತ್ತು ನಿಮಿಷವಾಗಿತ್ತು.

ಎರಡು ತಿಂಗಳು ಅಕ್ಕ ಹಾಡಲಿಲ್ಲ. ನಾವೆಲ್ಲ ಸೌಂಡಣ್ಣ ಎಂದು ಕರೆಯುವ ರೆಕಾರ್ಡಿಂಗಿನವರು ಕೊನೆಗೆ ಕೇಳಿದರು: ಒಂಬತ್ತನೇ ಹಾಡು ಇರಬೇಕೋ, ಬೇಡವೋ? ಅವತ್ತಿನ ರೆಕಾರ್ಡಿಂಗನ್ನು ಒಮ್ಮೆ ಕೇಳಿ ಹೇಳುತ್ತೇನೆ ಎಂದಳು ಅಕ್ಕ. ಅವಳು ಕೇಳುವುದೇ ನನಗೆ ಬೇಡವಾಗಿತ್ತು. ಬಾರಿಸುವಾಗ ಗೊಣಗುವುದು ನನ್ನ ಚಾಳಿ, ಡ್ರಮ್ಸ್ ಮೇಲಿನ ಮೈಕುಗಳು ಏನನ್ನೂ ಬಿಡುವುದಿಲ್ಲ. ಅವತ್ತು ಗೊಣಗಿದ್ದನ್ನು ಅಳಿಸಿಬಿಡಿ ಎಂದು ಸೌಂಡಣ್ಣನನ್ನು ಮೊದಲೇ ಬೇಡಿಕೊಂಡಿದ್ದೆ, ಕಾಲು ಹಿಡಿಯುವುದೊಂದು ಬಾಕಿ. "ಅಳಿಸಿದ್ರೆ ನಿನ್ನ ಡ್ರಮ್ಸೂ ಹೋಗುತ್ತೆ. ಹಾಡಿನ ಜೊತೆ ಕೇಳ್ಸಲ್ಲ ಬಿಡು," ಎಂದಿದ್ದರು.

ಅಕ್ಕ ಕಣ್ಣು ಮುಚ್ಚಿ ಹಾಡು ಕೇಳಿದಳು. ಆಮೇಲೆ, "ಡ್ರಮ್ಸ್ ಒಂದನ್ನೇ ಹಾಕಣ್ಣ. ಅವ್ರಿಗೆ ಇವನ ಡ್ರಮ್ಸ್ ಅಂದ್ರೆ ಪ್ರಾಣ," ಎಂದಳು.

ಸೌಂಡಣ್ಣ ನನ್ನ ಮುಖ ನೋಡಿದರು. ಆಗಲೂ ಹೇಳಬಹುದಿತ್ತು. 

ಡ್ರಮ್ಸಿನ ಸದ್ದಿನ ಸಂದಿಯಲ್ಲಿ ನನ್ನ ದನಿ ಕೇಳಿತು. "ತಪ್ಪಾಯ್ತು ಅಕ್ಕಾ... ಭಾವ, ಸ್ವಲ್ಪ ತಡೀರಿ, ಇದೊಂದೇ ಸಲ, ಈಗ ಬಂದ್ವಿ..."

ಅಕ್ಕ ಕೈಯೆತ್ತಿ ನಿಲ್ಲಿಸಿದಳು. "ಫೋನ್ ಯಾವಾಗ ಬಂದಿತ್ತು?"

"ಮೊದಲ್ನೇ ಟೇಕ್‌ಗೆ ಮುಂಚೆ."

ಅವಳು ಕೈಯಲ್ಲಿದ್ದ ಕರ್ಚೀಫನ್ನು ಹೋಟೆಲಿನ ಹೊದಿಕೆಯಂತೆ ಅಂಚಿಗೆ ಅಂಚು ಕೂಡಿಸಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಎರಡು ಗಂಟೆ," ಎಂದಳು. "ಅವ್ರು ನನ್ನ ಹುಡುಕಿರ್ತಾರೆ ಕಣೋ. ನಾನಿಲ್ಲಿ ನಿನ್ನ ಗೇಲಿ ಮಾಡ್ಕೊಂಡು ನಗ್ತಿದ್ದೆ."

"ನಿನ್ನ ನಂಬಿಕೆ ಮುರೀಬಾರ್ದು ಅಂತ..."

"ಒಂದು ಫೋನಿಗೆ ಮುರಿಯೋ ಅಂಥದ್ದಾ ನನ್ನ ನಂಬಿಕೆ?"

ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಹೋಗಲೂ ಆಗಲಿಲ್ಲ.

ಸೌಂಡಣ್ಣ ಮೆಲ್ಲಗೆ ಹೇಳಿದರು, "ಬಿಟ್ಬಿಡೋಣಮ್ಮ, ಎಂಟೇ ಸಾಕು. ಇಲ್ಲಾಂದ್ರೆ ಯಾವಾಗ್ಲಾದ್ರೂ ನೀವೇ ಹೊಸದಾಗಿ ಹಾಡಿ."

"ಹೇಗೆ ಹಾಡ್ಲಿ ಅಣ್ಣ? ಇದ್ರಲ್ಲಿ ಹಾಡ್ತಿರೋಳಿಗೆ ಗಂಡ ಬದುಕಿದಾನೆ. ಆ ಗಂಟಲು ನಂಗೆ ಇನ್ನು ಬರಲ್ಲ. ಅವತ್ತು ಹಾಡಿದ್ದು ಹಾಗೇ ಇರ್ಲಿ." ಆಮೇಲೆ ನನ್ನ ಕಡೆ ತಿರುಗದೆಯೇ, "ಇವನ ಡ್ರಮ್ಸ್ ತೆಗೀರಿ," ಎಂದಳು.

ಬೇರೆ ಯಾರನ್ನೋ ಕರೆಸುತ್ತಾಳೆ ಅಂದುಕೊಂಡೆ.

"ಒಳಗೆ ಹೋಗು. ಮತ್ತೆ ಬಾರ್ಸು," ಎಂದಳು. "ಅವತ್ತು ನಿಂಗೆ ಗೊತ್ತಿತ್ತು, ನಂಗೆ ಗೊತ್ತಿರ್ಲಿಲ್ಲ. ಇವತ್ತು ಇಬ್ರಿಗೂ ಗೊತ್ತು. ಒಂದೇ ಸಲಕ್ಕೆ ಮುಗೀಬೇಕು."

ನಾನು ಕೂತು ಕೋಲು ಹಿಡಿದಾಗ ಅವಳೂ ಒಳಗೆ ಬಂದು ಡ್ರಮ್ಸ್ ಪಕ್ಕ ನೆಲದ ಮೇಲೆ ಕೂತಳು. "ಅಮ್ಮಾ, ಮೈಕು ನಿಮ್ಮ ಉಸಿರನ್ನೂ ಹಿಡಿಯುತ್ತೆ," ಎಂದರು ಸೌಂಡಣ್ಣ ಆಚೆಯಿಂದ.

"ಹಿಡೀಲಿ."

ಶುರು ಮಾಡಲು ಎಣಿಸುವುದು ಯಾವಾಗಲೂ ನಾನು. ಅವತ್ತು ಅಕ್ಕ ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು. ಹೆಡ್‌ಫೋನಿನಲ್ಲಿ ಎರಡು ತಿಂಗಳ ಹಿಂದಿನ ಅಕ್ಕ ಖುಷಿಯಿಂದ ಹಾಡತೊಡಗಿದಳು, ಎದ್ದನಲ್ಲಾ, ನನ್ನವನು ಎದ್ದನಲ್ಲಾ. ನನ್ನ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಕೈ ಮಾತ್ರ ತಪ್ಪಲಿಲ್ಲ. ಒಂದೇ ಒಂದು ಮಾತೂ ಗೊಣಗಲಿಲ್ಲ.

ಮುಗಿದ ಮೇಲೆ ಅವಳು ಕೂತಲ್ಲಿಂದಲೇ, "ಅವ್ರಿಗೆ ಇಷ್ಟ ಆಗ್ತಿತ್ತು," ಎಂದಳು.

ನಾನು ಕೈ ಚಾಚಿದೆ. ಅದನ್ನು ನೋಡಿದಳು. ಹಿಡಿಯಲಿಲ್ಲ. ಎರಡೂ ಅಂಗೈ ನೆಲಕ್ಕೂರಿಕೊಂಡು ತಾನೇ ಎದ್ದಳು.