ನಮ್ಮ ಲೈನಿನಲ್ಲಿ ನಾಲ್ಕನೆಯವರು ಯಾರು?

ಬಸವನ ಬಾಗೇವಾಡಿಯ ಸಂಗಮೇಶನ ಮನೆಯಲ್ಲಿ ಅಂದು ಯಾರಿಗೂ ಊಟ ಸೇರಲಿಲ್ಲ. ಅದು 2009ನೇ ಇಸವಿ. ಅವನ ಹೆಂಡತಿ ಸುವರ್ಣಾ ಶಿಕ್ಷಕಿ ಹುದ್ದೆಗೆ ಅರ್ಜಿ ತುಂಬುತ್ತಿದ್ದಳು. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ಕಳಿಸಬೇಕು, ಸಂಜೆ ಐದಕ್ಕೆ ಗಡುವು. ಮುಂದಿನ ವರ್ಷ ಅವಳಿಗೆ ವಯಸ್ಸು ಮೀರುತ್ತದೆ. ಮೂರು ಗಂಟೆಯಾದರೂ ಅವಳ ಫೋಟೋ ಹೋಗಲೊಲ್ಲದು.

"ಲೈನ ಖರಾಬ್ ಐತಿ. ಎಷ್ಟು ಸರ್ತಿ ಫೋನ್ ಮಾಡಿ ಬೈಬೇಕು ಇವರಿಗೆ?" ಎಂದು ಸಂಗಮೇಶ ಕೂಗಾಡಿದ. ಓಣಿಯಲ್ಲಿ ಮೊದಲು ವೈರಿಲ್ಲದ ಇಂಟರ್ನೆಟ್ ಹಾಕಿಸಿದವನು ತಾನೇ ಎಂದು ಆರು ತಿಂಗಳು ಮೀಸೆ ತಿರುವಿದ್ದ ಮನುಷ್ಯ ಅವನು.

ಸುವರ್ಣಾ ಗೆಳತಿ ಶಬಾನಾಳನ್ನು ಕರೆಸಿದಳು. ಶಬಾನಾ ಊರಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುವವಳು.

"ಅಣ್ಣಾರ, ನಿಮ್ಮ ಲೈನ್ ಮ್ಯಾಲೆ ಯಾರ್ಯಾರು ಅದಾರ, ನೋಡೀರೇನ್ರಿ?"

"ನಮ್ಮನ್ನ ಬಿಟ್ಟು ಯಾರಿರ್ತಾರ ತಂಗಿ? ಪಾಸ್‌ವರ್ಡ್ ಇಟ್ಟೇವಲ್ಲ!"

ಶಬಾನಾ ಲ್ಯಾಪ್‌ಟಾಪಿನಲ್ಲಿ, ಮನೆಗೆ ಇಂಟರ್ನೆಟ್ ಹಂಚುವ ಮೋಡೆಮಿನ ಪುಟ ತೆರೆದು, ಈಗ ಯಾರು ಸೇರಿಕೊಂಡಿದ್ದಾರೆ ಎನ್ನುವ ಪಟ್ಟಿ ತೋರಿಸಿದಳು. ನಾಲ್ಕು ಸಾಲು. ಹೆಸರಿಲ್ಲ, ಬರೀ ಅಂಕಿ, ಅಕ್ಷರ.

"ನಾಲ್ಕು ಅದಾವ. ಮನ್ಯಾಗ ಎಷ್ಟು ಅದಾವ್ರಿ?"

"ಈ ಲ್ಯಾಪ್‌ಟಾಪ್, ನನ್ನ ಫೋನ್. ಎರಡ!" ಸಂಗಮೇಶನ ಮುಖ ಕೆಂಪಾಯಿತು. "ಇದು ಬಾಜೂಮನಿ ಚಂದ್ರಾಮಂದ ಕೆಲಸ. ಈಗ ಹೋಗಿ ಕೇಳ್ತೇನಿ." ಅವನು ಚಪ್ಪಲಿ ಮೆಟ್ಟಿಯೇಬಿಟ್ಟ.

"ನಿಂದರ್ರಿ ಅಣ್ಣಾರ. ಮೊದಲ ನಮ್ಮವು ಯಾವು ಅಂತ ಗುರ್ತ ಹಿಡಿಯೂಣು, ಜಗಳ ಆಮ್ಯಾಲೆ."

ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿದ ಅಂಕಿ ಒಂದು ಸಾಲಿಗೆ ತಾಳೆಯಾಯಿತು. ಸಂಗಮೇಶ ತನ್ನ ಫೋನ್ ಆರಿಸಿದ. ಸ್ವಲ್ಪ ಹೊತ್ತಿಗೆ ಪಟ್ಟಿಯಿಂದ ಒಂದು ಸಾಲು ಹೋಯಿತು. ಗುರುತು ಸಿಗದವು ಇನ್ನೂ ಎರಡು ಉಳಿದವು. ಆಗ ಸುವರ್ಣಾ ಹಣೆ ಬಡಿದುಕೊಂಡಳು. "ಮಾಳಗಿ ಮ್ಯಾಲೆ ಸಿದ್ದಲಿಂಗನ ಫೋನ್ ಚಾರ್ಜಿಗೆ ಐತಲ್ರಿ!" ಮೈದುನನ ಫೋನನ್ನೂ ಆರಿಸಿದರು. ಈಗ ಉಳಿದದ್ದು ಒಂದೇ.

"ಇದು ನಮ್ಮದಲ್ಲ," ಎಂದಳು ಶಬಾನಾ. "ಏನೋ ದೊಡ್ಡದು ಎಳಕೊಳ್ಳಾಕತ್ತಿರಬೇಕು. ಪಾಸ್‌ವರ್ಡ್ ಏನಿಟ್ಟೀರಿ?"

ಸಂಗಮೇಶ ನಾಚಿಕೊಂಡ. "ನಮ್ಮಿಬ್ಬರ ಹೆಸರು, ಮದುವಿ ತಾರೀಖು."

ಶಬಾನಾ ಬಿದ್ದು ಬಿದ್ದು ನಕ್ಕಳು. "ಹೊರಗ ಬಂದು ನಿಮ್ಮ ಗ್ವಾಡಿ ನೋಡ್ರಿ."

ಮದುವೆಯಲ್ಲಿ ಪೇಂಟರ್‌ನನ್ನು ಕರೆಸಿ ಬಾಗಿಲ ಪಕ್ಕದ ಗೋಡೆಗೆ ಬರೆಸಿದ್ದು ಹಾಗೇ ಇತ್ತು. ಸಂಗಮೇಶ, ಸುವರ್ಣಾ, ಕೆಳಗೆ ತಾರೀಖು, ಮೊಳದುದ್ದದ ಅಕ್ಷರಗಳಲ್ಲಿ. ಸಂಗಮೇಶ ತೆಪ್ಪಗೆ ಚಪ್ಪಲಿ ಬಿಟ್ಟು ಒಳಗೆ ಬಂದ.

ಅಕ್ಷರ, ಅಂಕಿ ಬೆರೆಸಿ ಉದ್ದದೊಂದು ಹೊಸ ಪಾಸ್‌ವರ್ಡ್ ಹಾಕಿದರು. ಮೋಡೆಮಿನ ಪುಟ ತೆರೆಯುವ ಗುಪ್ತಪದವನ್ನೂ ಬದಲಿಸಿದರು. ಪರಕೀಯ ಸಾಲು ಮಾಯವಾಯಿತು. ನಾಲ್ಕೂ ಇಪ್ಪತ್ತಕ್ಕೆ ಅರ್ಜಿ ತಲುಪಿತು. ಸುವರ್ಣಾ ಗೆಳತಿಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

"ಇವತ್ತ ಬರೇ ನಿಧಾನ ಆಗಿತ್ತು," ಎಂದಳು ಶಬಾನಾ. "ನಾಳೆ ಯಾರರ ನಿಮ್ಮ ಲೈನಿನಿಂದ ಧಮಕಿ ಪತ್ರ ಕಳಿಸಿದ್ರ, ಪೊಲೀಸರು ಯಾರ ಮನಿಗಿ ಬರ್ತಾರ?"

"ನಮ್ಮನಿಗೇ ತಂಗಿ," ಎಂದ ಸಂಗಮೇಶ, ಗಂಭೀರವಾಗಿ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಎದುರು ಮನೆಯ ಕಸ್ತೂರೆವ್ವ, ಸಂಗಮೇಶನಿಗೆ ಅಕ್ಷರ ಕಲಿಸಿದ ನಿವೃತ್ತ ಶಿಕ್ಷಕಿ. "ಏನಪಾ ಸಂಗಮೇಶ, ಮಗಳು ಕೊಟ್ಟ ಲ್ಯಾಪ್‌ಟಾಪಿನ್ಯಾಗ ಮುಂಜಾನಿಂದ ಹಾಡು ಇಳಿಸಾಕತ್ತಿದ್ದೆ. ಗ್ವಾಡಿ ಮ್ಯಾಲಿನ ಹೆಸರು, ತಾರೀಖು ಹಾಕಿದ್ರೂ ನಿಮ್ಮ ನೆಟ್ ಈಗ ಯಾಕ ನಿಂತೈತಿ?"

ಚಂದ್ರಾಮನ ಜೊತೆ ಜಗಳ ತೆಗೆಯದೆ ಉಳಿದೆನಲ್ಲ ಎಂದು ಸಂಗಮೇಶನಿಗೆ ಎದೆ ಹಗುರಾಯಿತು. ಗುರುಗಳಿಗೆ ಅವನು ಎಂದೂ ಇಲ್ಲ ಎಂದವನಲ್ಲ. ಎದ್ದು ಕೈ ಮುಗಿದ.

"ಬರ್ರಿ ಅಕ್ಕೋರ, ಕುಂಡ್ರಿ, ಚಹಾ ಕುಡೀರಿ. ಬೇಕಾದ್ದು ಇಲ್ಲೇ ಕುಂತು ನೋಡ್ರಿ. ಪಾಸ್‌ವರ್ಡ್ ಮಾತ್ರ ಕೇಳಬ್ಯಾಡ್ರಿ."

"ಇವತ್ತ ಶಾಣ್ಯಾ ಆದಿ ನೋಡು," ಎಂದು ಅಕ್ಕೋರು ನಕ್ಕು ಒಳಗೆ ಬಂದರು.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯ ಮೋಡೆಮಿನ ಪಟ್ಟಿಯನ್ನೂ ಇವತ್ತೇ ತೆರೆದು ನೋಡಿ. ಮನೆಯ ಫೋನು, ಕಂಪ್ಯೂಟರುಗಳನ್ನು ಒಂದೊಂದಾಗಿ ಆರಿಸಿ ಗುರುತು ಹಾಕಿಕೊಳ್ಳಿ. ನಿಮ್ಮದಲ್ಲದ್ದು ಉಳಿದರೆ ನೆರೆಯವರ ಮೇಲೆ ಹಾಯಬೇಡಿ, ಪಾಸ್‌ವರ್ಡ್ ಬದಲಿಸಿ. ಲೈನು ನಿಮ್ಮ ಹೆಸರಿನಲ್ಲಿದೆ, ಅದರಲ್ಲಿ ಯಾರಿದ್ದಾರೆ ಎಂಬುದು ನಿಮಗೆ ಗೊತ್ತಿರಲಿ.