ದಿಂಬಿನ ಕೆಳಗಿನ ರೊಟ್ಟಿ

ಕಾವಿಗೆ ಕೂತ ಕೋಳಿ ಮೊಟ್ಟೆ ಬಿಟ್ಟು ಏಳುವುದಿಲ್ಲ. ಇಲಿ ಬಂದು ಕಾಲು ಕಡಿದರೂ ಏಳುವುದಿಲ್ಲ. ರಿಸೋಲತ್ ಮನೆಯ ಕಂದು ಕೋಳಿ ಹಾಗೇ ಕೂತಿತ್ತು. ಬೆಳಿಗ್ಗೆ ಅವಳ ಸೊಸೆ ಬರ್ನೊ ಕಾಳು ಹಾಕಲು ಹೋದಾಗ ಅದು ಎಂದಿನಂತೆ ಕತ್ತೆತ್ತಿ ನೋಡಿತಂತೆ. ಅವಳು ಕೋಳಿಯನ್ನು ಎತ್ತಿ ನೋಡಿದರೆ ಅದರ ಕಾಲಿನ ಬೆರಳುಗಳೇ ಇರಲಿಲ್ಲ.

ನನ್ನ ಮನೆ ಅವರ ಗೋಡೆಯಾಚೆ. ಬರ್ನೊಳ ಕೂಗು ಕೇಳಿ ಹಿಟ್ಟಿನ ಕೈಯಲ್ಲೇ ಓಡಿದೆ. ಕೋಳಿ ಅವಳ ಕಾಲ ಬಳಿ ಬಿದ್ದಿತ್ತು, ಆದರೆ ಅವಳು ಅದನ್ನು ನೋಡುತ್ತಿರಲಿಲ್ಲ. ಮನೆಯ ಬಾಗಿಲು ನೋಡುತ್ತಿದ್ದಳು. ಒಳಗೆ ತೊಟ್ಟಿಲಲ್ಲಿ ಅವಳ ಹೆಣ್ಣುಮಗು ಮಲಗಿತ್ತು.

“ಸಬೊಹತ್ ಅಪಾ,” ಎಂದಳು ನನಗೆ; ಅಕ್ಕ ಎಂದೇ ಅವಳು ನನ್ನನ್ನು ಕರೆಯುವುದು. “ಈ ಕೋಳಿಗೆ ಓಡೋಕೆ ಕಾಲಾದ್ರೂ ಇತ್ತು. ನನ್ನ ಮಗೂಗೆ ಕೈಯೂ ಕಟ್ಟಿದೀವಿ, ಕಾಲೂ ಕಟ್ಟಿದೀವಿ.”

“ಬಾಯಲ್ಲಿ ಒಳ್ಳೇ ಮಾತು ಬರಲ್ವಾ ನಿಂಗೆ?” ರಿಸೋಲತ್ ಪೊರಕೆ ಹಿಡಿದುಕೊಂಡೇ ಬಂದಳು. “ಕೋಳಿ ಬೇರೆ, ಮಗು ಬೇರೆ. ನಿನ್ನ ಗಂಡನ್ನೂ ಇದೇ ತೊಟ್ಟಿಲಲ್ಲಿ ಕಟ್ಟಿ ಮಲಗಿಸಿದ್ದು.”

“ಅದಕ್ಕೇ ಅವನು ಈಗಲೂ ಮಲಗಿದ್ರೆ ಏಳಲ್ಲ,” ಅಂದೆ ನಾನು. ಬರ್ನೊ ನಗಲಿಲ್ಲ.

ಎಲ್ಲರ ಮನೆಯಲ್ಲೂ ಮಗುವನ್ನು ಹಾಗೇ ಮಲಗಿಸುವುದು. ಅಗಲವಾದ ಪಟ್ಟಿಯಿಂದ ಕೈಕಾಲು ಬಿಗಿದು, ತೊಟ್ಟಿಲ ಮೇಲಿನ ಅಡ್ಡಕೋಲಿನಿಂದ ನೆಲದವರೆಗೆ ದಪ್ಪ ಬಟ್ಟೆ ಇಳಿಬಿಡುತ್ತೇವೆ. ಕೈ ಬೀಸಿ ತಾನೇ ಬೆಚ್ಚಿಬೀಳದೆ ಮಗು ಕತ್ತಲಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತದೆ. ಕಣ್ಣಿಗೆ ಕಾಣದ್ದು ಯಾವುದೂ ಹತ್ತಿರ ಸುಳಿಯದಿರಲಿ ಎಂದು ದಿಂಬಿನ ಕೆಳಗೆ ಒಂದು ಚೂರಿ, ಒಂದು ತುಂಡು ರೊಟ್ಟಿ. ರೊಟ್ಟಿ ಇಡುವುದು ಅಜ್ಜಿಯ ಕೆಲಸ. ರಿಸೋಲತ್ ಅದನ್ನು ಮರೆಯುವವಳೇ ಅಲ್ಲ. ಹಳೆಯದು ಒಣಗಿದರೆ ಹೊಸದು ಇಡುತ್ತಿದ್ದಳು.

ಬರ್ನೊಳ ಗಂಡ ಮುರೋದ್ ಮಾರ್ಗಿಲಾನ್ ಪೇಟೆಯಿಂದ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ತಂದ. ಕೆಲಸ ಅಚ್ಚುಕಟ್ಟಾಗಿ ಮಾಡಿದ, ಸುಳ್ಳು ಹೇಳಬಾರದು. ಗೂಡನ್ನು ಕಾಲು ಕೊಟ್ಟು ಮೇಲೆತ್ತಿದ. ಪಕ್ಕಕ್ಕಷ್ಟೇ ಅಲ್ಲ, ಅಡಿಗೂ ಜಾಲರಿ ಹೊಡೆದ. ಕಾಳನ್ನೆಲ್ಲ ಖಾಲಿ ಎಣ್ಣೆ ಡ್ರಮ್ಮಿಗೆ ಸುರಿದು ಮುಚ್ಚಳದ ಮೇಲೆ ಕಲ್ಲು ಹೇರಿದ. ಸಂಜೆಯಾದರೆ ನೀರಿನ ತಟ್ಟೆಯನ್ನೂ ಬೋರಲು ಹಾಕುತ್ತಿದ್ದ. ಆಮೇಲೆ ಒಂದು ಮೊಟ್ಟೆಯೂ ಹೋಗಲಿಲ್ಲ. ರಿಸೋಲತ್ ಗೋಡೆಯ ಮೇಲಿಂದ ಮಗನ ಹೊಗಳಿಕೆಯನ್ನು ದಿನವೂ ನನ್ನ ಅಂಗಳಕ್ಕೆ ಸುರಿದಳು.

“ಮುರೋದ್,” ಅಂದೆ ಒಂದು ದಿನ, “ತಿನ್ನೋದನ್ನ ಮುಚ್ಚಿಟ್ಟೆ, ಸರಿ. ತಿನ್ನೋರು ಎಲ್ಲಿಗೆ ಹೋದ್ರು?”

“ಕಾಲುವೆ ಕಡೆ ಹೋಗಿರ್ತಾವೆ ಬಿಡಿ ಅಪಾ. ನಿಮ್ಮನೇಗೇನಾದ್ರೂ ಬಂದ್ವಾ?”

“ನಮ್ಮನೇಲಿ ಬೆಕ್ಕಿದೆ.”

“ನಿಮ್ಮ ಬೆಕ್ಕಾ? ಅದು ಇಲಿ ಬಂದ್ರೆ ಎದ್ದು ಜಾಗ ಬಿಡುತ್ತೆ.”

ಅವನು ನಕ್ಕ, ನಾನೂ ನಕ್ಕೆ. ಆದರೆ ಹಸಿದ ಇಲಿ ಊರು ಬಿಡುವುದನ್ನು ನಾನಂತೂ ಕಂಡಿಲ್ಲ. ಅದು ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲು ನೋಡುತ್ತದೆ.

ಸ್ವಲ್ಪ ದಿನದಲ್ಲೇ ಬರ್ನೊ ನನ್ನನ್ನು ಒಳಗೆ ಕರೆದಳು. ಕೈ ತೊಳೆಯುವ ಸೋಪಿನ ಮೇಲೆ ಹಲ್ಲಿನ ಗುರುತು. ಮಡಿಸಿಟ್ಟ ರಜಾಯಿಗಳ ಹಿಂದೆ ಹಿಕ್ಕೆ. ಮಣ್ಣಿನ ಗೋಡೆಯ ಬುಡದಲ್ಲಿ, ತೊಟ್ಟಿಲಿಗೆ ತೀರ ಹತ್ತಿರದಲ್ಲಿ, ಹೆಬ್ಬೆರಳು ಹೋಗುವಷ್ಟು ತೂತು. ರಿಸೋಲತ್ ಅದಕ್ಕೆ ಹಳೇ ಬಟ್ಟೆ ತುರುಕಿದ್ದಳು. ಮರುದಿನ ಆ ಬಟ್ಟೆ ಹೊರಗೆ ಬಿದ್ದಿತ್ತು, ಒಳಗಿನಿಂದ ಯಾರೋ ದೂಡಿದ ಹಾಗೆ. ಸಿಮೆಂಟು ಹಾಕುತ್ತೇನೆ, ಭಾನುವಾರ ಬರಲಿ ಎಂದಿದ್ದ ಮುರೋದ್.

ಬರ್ನೊ ಸೊರಗಿಹೋದಳು. ಮಗು ಅತ್ತರೆ, ಸದ್ಯ ಏನೂ ಆಗಿಲ್ಲವೆಂದು ಅವಳ ಮುಖಕ್ಕೆ ಕಳೆ ಬರುತ್ತಿತ್ತು, ಸುಮ್ಮನಾದರೆ ಇಳಿದುಹೋಗುತ್ತಿತ್ತು. ಮಾತಿನ ನಡುವೆ ಎದ್ದುಹೋಗಿ ತೊಟ್ಟಿಲ ಬಟ್ಟೆ ಎತ್ತಿ ನೋಡಿ ಬರುತ್ತಿದ್ದಳು.

“ನೋಡಿ ನೋಡಿ ಮಗು ನಿದ್ದೆ ಹಾಳು ಮಾಡ್ತೀಯ,” ಎಂದು ಅತ್ತೆ ಗೊಣಗುತ್ತಿದ್ದಳು.

ಶುಕ್ರವಾರ ಅವರ ತಂದೂರಿನಲ್ಲಿ ನಾವು ಮೂವರೂ ಕೂಡಿ ರೊಟ್ಟಿ ಸುಡುತ್ತಿದ್ದೆವು. ಬರ್ನೊ ಮಗುವಿಗೆ ಹಾಲು ಕೊಟ್ಟು, ಕಟ್ಟಿ ಮಲಗಿಸಿ ಬಂದಿದ್ದಳು. ಮಧ್ಯಾಹ್ನದ ಬಿಸಿಲು. ಒಳಗಿನಿಂದ ಮಗು ಒಮ್ಮೆ ಕಿರುಚಿದ್ದು ಕೇಳಿಸಿತು. ಆಮೇಲೆ ಸದ್ದಿಲ್ಲ.

ಬರ್ನೊ ಎದ್ದಳು.

“ಕೈಯಲ್ಲಿರೋ ರೊಟ್ಟೀನ ತಂದೂರಿಗೆ ಅಂಟಿಸಿ ಹೋಗು ಮಗಳೇ,” ಎಂದಳು ರಿಸೋಲತ್. “ಕನಸು ಕಂಡಿರುತ್ತೆ ಅಷ್ಟೆ.”

“ನೀನು ಅಂಟಿಸು, ಸುಟ್ಟದ್ದನ್ನ ಸುತ್ತೋಕೆ ಬಟ್ಟೆ ತರಬೇಕು, ನಾನೇ ನೋಡ್ಕೊಂಡು ಬರ್ತೀನಿ,” ಎಂದು ಬರ್ನೊಗೆ ಹೇಳಿ ನಾನು ಒಳಗೆ ಹೋದೆ.

ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ತೊಟ್ಟಿಲು ಕಂಡಿತು. ತಲೆಯ ಕಡೆ ಬಟ್ಟೆ ಸಣ್ಣಗೆ ಅಲ್ಲಾಡುತ್ತಿತ್ತು. ಎಚ್ಚರವಾಗಿ ಕೈ ಆಡಿಸುತ್ತಿದೆ ಪುಟ್ಟಿ ಎಂದುಕೊಂಡು ಹತ್ತಿರ ಹೋದೆ.

ಕೈ ಕಟ್ಟಿತ್ತಲ್ಲ.

ನಿಂತಲ್ಲೇ ನಿಂತೆ. ಒಣ ರೊಟ್ಟಿಯ ಅಂಚನ್ನು ಕೆರೆಯುವ ಸದ್ದು ಬರುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಕೂಗಿದರೆ ಅದು ಓಡುತ್ತದೆ, ಕತ್ತಲಲ್ಲಿ ದಾರಿ ಕಾಣದೆ ಮಗುವಿನ ಮುಖದ ಮೇಲೇ ಓಡುತ್ತದೆ. ಹಿಂದೆ ಹೆಜ್ಜೆಯ ಸದ್ದು. ಬರ್ನೊ ಬಂದಿದ್ದಳು, ಅವಳಿಗೂ ಕಂಡಿತ್ತು. ನಾನು ಅವಳ ಕೈ ಬಿಗಿಯಾಗಿ ಹಿಡಿದು ಬೇಡವೆಂದು ತಲೆಯಾಡಿಸಿದೆ. ಅವಳ ಉಗುರು ನನ್ನ ಅಂಗೈಗೆ ಇಳಿಯಿತು, ಆದರೆ ಅವಳು ಉಸಿರೆತ್ತಲಿಲ್ಲ.

ಗೋಡೆಯ ಕಡೆಯ ಬಟ್ಟೆಯನ್ನು ಮೆಲ್ಲಗೆ, ತೀರ ಮೆಲ್ಲಗೆ ಮೇಲಕ್ಕೆತ್ತಿದೆ. ಬೆಳಕು ಆ ಕಡೆಯಿಂದ ಹೋಗಲಿ, ಅದು ಆ ಕಡೆಗೇ ಇಳಿಯಲಿ ಎಂದು.

ದಿಂಬಿನ ಮೇಲೆ ಕೂತಿತ್ತು. ಮುಂಗಾಲಿನಲ್ಲಿ ರೊಟ್ಟಿಯ ತುಂಡು. ಬಾಲ ಮಗುವಿನ ಕೆನ್ನೆಯ ಮೇಲೆ ಬಿದ್ದಿತ್ತು. ಮಗು ನಿದ್ದೆ ಮಾಡಿರಲಿಲ್ಲ. ಕಣ್ಣು ಅಗಲಿಸಿ ಅದನ್ನೇ ನೋಡುತ್ತಿತ್ತು, ಅಳುವುದನ್ನೂ ಮರೆತು.

ಇಲಿ ನಮ್ಮನ್ನು ನೋಡಿತು. ಅವಸರವಿಲ್ಲದೆ ನೋಡಿತು. ಆಮೇಲೆ ಬಟ್ಟೆ ಹಿಡಿದು ಇಳಿದು ಆ ತೂತಿನೊಳಗೆ ಹೋಯಿತು. ಬಾಲ ಕೊನೆಗೆ ಹೋಯಿತು.

ಬರ್ನೊ ಪಟ್ಟಿಗಳನ್ನು ಬಿಚ್ಚಲಿಲ್ಲ, ಕಿತ್ತಳು. ಮಗುವಿನ ಕಿವಿಯ ಅಂಚಿನಲ್ಲಿ ಎರಡು ಕೆಂಪು ಗೀರು. ಚರ್ಮ ಹರಿದಿರಲಿಲ್ಲ. ಮೂಗು, ತುಟಿ, ಬೆರಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದೆವು. ಆಗ ಮಗು ಅತ್ತಿತು.

ರಿಸೋಲತ್ ಬಾಗಿಲಲ್ಲಿ ನಿಂತಿದ್ದಳು. ಬಂದು ದಿಂಬು ಎತ್ತಿದಳು. ಚೂರಿ ಇಟ್ಟಲ್ಲೇ ಇತ್ತು. ರೊಟ್ಟಿ ಅರ್ಧ ಉಳಿದಿತ್ತು. ನಮ್ಮಲ್ಲಿ ರೊಟ್ಟಿ ಪವಿತ್ರ, ಅದನ್ನು ಎಸೆಯುವ ಹಾಗಿಲ್ಲ, ನೆಲಕ್ಕೆ ಹಾಕುವ ಹಾಗಿಲ್ಲ. ಕೈಯಲ್ಲಿ ಹಿಡಿದುಕೊಂಡೇ ನಿಂತಳು.

“ಕಾಯಲಿ ಅಂತ ಇಟ್ಟಿದ್ದೆ,” ಎಂದಳು.

ಬರ್ನೊ ಮಗುವನ್ನು ಎದೆಗೊತ್ತಿಕೊಂಡು ಅವಳಿಗೆ ಬೆನ್ನು ಮಾಡಿದಳು. ಹೊರಗೆ ತಂದೂರಿನಿಂದ ಕರಕಲು ವಾಸನೆ ಬರುತ್ತಿತ್ತು.

“ರೊಟ್ಟಿ ಇರಲಿ ರಿಸೋಲತ್,” ಅಂದೆ. “ದಿಂಬಿನ ಕೆಳಗೆ ಬೇಡ ಅಷ್ಟೆ. ಕಣ್ಣಿಗೆ ಕಾಣದ್ದಕ್ಕೆ ರೊಟ್ಟಿ ಎಲ್ಲಿದ್ರೂ ಗೊತ್ತಾಗುತ್ತೆ.”

ಅವಳು ಚಹಾ ಪುಡಿಯ ತಗಡಿನ ಡಬ್ಬಿ ಖಾಲಿ ಮಾಡಿ ಹೊಸ ರೊಟ್ಟಿಯ ತುಂಡು ಹಾಕಿ, ಮುಚ್ಚಳ ಒತ್ತಿ, ತೊಲೆಯಿಂದ ತಂತಿಯಲ್ಲಿ ನೇತುಹಾಕಿದಳು. ಮುರೋದ್ ಭಾನುವಾರಕ್ಕೆ ಕಾಯಲಿಲ್ಲ. ತೂತಿಗೆ ಗಾಜಿನ ಚೂರು ಬಡಿದು ಸಿಮೆಂಟು ತುಂಬಿದ. ಡ್ರಮ್ಮಿನ ಕಾಳನ್ನೇ ಕೊಂಚ ಹೊರಗೆ ತೆಗೆದು ಗೋಡೆಯುದ್ದಕ್ಕೂ ಬೋನಿಟ್ಟ. ಮೊದಮೊದಲು ಯಾವುದೂ ಹತ್ತಿರ ಬರಲಿಲ್ಲ. ಆಮೇಲೆ ಬೋನು ಬೀಳುವ ಸದ್ದು ನನ್ನ ಮನೆಗೂ ಕೇಳಿಸತೊಡಗಿತು. ಅದರಲ್ಲಿ ಆ ಇಲಿ ಯಾವುದು, ಯಾರಿಗೆ ಗೊತ್ತು.

ಬರ್ನೊ ಈಗ ಮಗುವಿನ ಕಾಲನ್ನಷ್ಟೇ ಕಟ್ಟುತ್ತಾಳೆ. ಕೈ ಬಿಟ್ಟಿರುತ್ತಾಳೆ. ಅತ್ತೆ ನೋಡಿಯೂ ನೋಡದ ಹಾಗೆ ಇರುತ್ತಾಳೆ. ಮಧ್ಯಾಹ್ನ ನಾವು ಚಹಾ ಕುಡಿಯುತ್ತ ಕೂತಿರುವಾಗ ತೊಟ್ಟಿಲ ಬಟ್ಟೆ ಒಮ್ಮೊಮ್ಮೆ ಅಲ್ಲಾಡುತ್ತದೆ. ಮೂವರ ಮಾತೂ ನಿಲ್ಲುತ್ತದೆ. ಬಟ್ಟೆಯ ಸಂದಿಯಿಂದ ಪುಟ್ಟ ಬೆರಳು ಹೊರಗೆ ಬರುವವರೆಗೆ ಯಾರೂ ಬಟ್ಟಲು ಕೆಳಗಿಡುವುದಿಲ್ಲ.